ಹೆಸರು ಬಿಡಿಸಿದರೆ ಅಂಗ ತಿಳಿದೀತೇ?

ನರ್ಸಿಂಗ್ ಓದಿನ ಮೊದಲ ವರ್ಷವೆಂದರೆ ಹೆಸರುಗಳ ವರ್ಷ. ಬೆಳೆದ ಮನುಷ್ಯನ ಮೈಯಲ್ಲಿ 206 ಮೂಳೆಗಳಿವೆ, ಆರುನೂರಕ್ಕೂ ಮೇಲ್ಪಟ್ಟು ಸ್ನಾಯುಗಳಿವೆ, ಮಿದುಳಿನ ನರಗಳು 12 ಜೊತೆ, ಬೆನ್ನುಹುರಿಯವು 31 ಜೊತೆ. ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೊಂದು ಮೂಳೆಯ ಮೇಲಿನ ಉಬ್ಬಿಗೆ, ತಗ್ಗಿಗೆ, ತೂತಿಗೆ ಬೇರೆ ಬೇರೆ ಹೆಸರು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಈ ಹೆಸರುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವಲ್ಲ, ಗ್ರೀಕ್ ಇಲ್ಲವೇ ಲ್ಯಾಟಿನ್ ಮೂಲದವು. ಅವುಗಳ ಬೇರು, ಉಪಸರ್ಗ, ಪ್ರತ್ಯಯಗಳನ್ನು ಬಿಡಿಸಿ ಕಲಿಸುವ ವಿಷಯವೇ ಮೆಡಿಕಲ್ ಟರ್ಮಿನಾಲಜಿ, ಅಂದರೆ ವೈದ್ಯಕೀಯ ಪರಿಭಾಷೆ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಇದು ಪ್ರತ್ಯೇಕ ಕೋರ್ಸು. ನರ್ಸಿಂಗ್ ಸೇರುವ ಮೊದಲೇ ಅನಾಟಮಿ, ಫಿಸಿಯಾಲಜಿ ಮುಗಿಸಬೇಕಾದ ಅಲ್ಲಿನ ವಿದ್ಯಾರ್ಥಿಗಳು, ಅದಕ್ಕೂ ಮುಂಚೆ ಪರಿಭಾಷೆಯ ಕೋರ್ಸಿಗೆ ದುಡ್ಡು ಸುರಿಯುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಾರೆ. ಭಾರತದಲ್ಲಿ ಆ ಆಯ್ಕೆ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಅನ್ವಯಿಕ ಅನಾಟಮಿ, ಅನ್ವಯಿಕ ಫಿಸಿಯಾಲಜಿ ಎರಡೂ ಮೊದಲ ಸೆಮಿಸ್ಟರಿಗೇ ಬರುತ್ತವೆ, ಪರಿಭಾಷೆಯ ಪರಿಚಯ ಅನಾಟಮಿಯ ಮೊದಲ ಘಟಕದೊಳಗೇ ಸೇರಿಕೊಂಡಿದೆ. ಪಿಯುಸಿ ಮುಗಿಸಿ ಬಂದ ಹುಡುಗಿಗೆ ಹೆಸರು ಮತ್ತು ಅಂಗ ಒಂದೇ ವಾರದಲ್ಲಿ ಎದುರಾಗುತ್ತವೆ.

ಪರಿಭಾಷೆ ಕಲಿತರೆ ದೇಹಶಾಸ್ತ್ರ ಸುಲಭವಾಗುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಲದು. ಅನಾಟಮಿಗೆ ಅದು ಧಾರಾಳವಾಗಿ ಒದಗುತ್ತದೆ. ಫಿಸಿಯಾಲಜಿಗೆ ಒದಗುವುದು ಅಷ್ಟಕ್ಕಷ್ಟೆ, ಕೆಲವು ಕಡೆ ದಾರಿಯನ್ನೂ ತಪ್ಪಿಸುತ್ತದೆ.

ಒದಗುವ ಬಗೆಯನ್ನು ನೋಡಲು ಪುಸ್ತಕ ಬೇಕಿಲ್ಲ, ಕುತ್ತಿಗೆ ಸಾಕು. ಮುಖವನ್ನು ಎಡಕ್ಕೆ ತಿರುಗಿಸಿದರೆ ಕತ್ತಿನ ಬಲಗಡೆ ಒಂದು ಸ್ನಾಯು ಹಗ್ಗದಂತೆ ಉಬ್ಬಿ ಕೈಗೆ ಸಿಗುತ್ತದೆ. ಬೆರಳನ್ನು ಅದರ ಮೇಲೆ ಕೆಳಕ್ಕೆ ಜಾರಿಸಿದರೆ ಎದೆಯ ನಡುಮೂಳೆಯ ತುದಿಗೆ ಬರುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಅದರದೇ ಇನ್ನೊಂದು ಎಳೆ ಕೊರಳೆಲುಬಿಗೆ ಅಂಟಿದೆ. ಮೇಲಕ್ಕೆ ಜಾರಿಸಿದರೆ ಕಿವಿಯ ಹಿಂದಿನ ಗಟ್ಟಿ ಗುಬುಟಿಗೆ ಹೋಗಿ ನಿಲ್ಲುತ್ತದೆ. ಈ ಸ್ನಾಯುವಿನ ಹೆಸರು ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್. ಕೇಳಿದರೆ ನಾಲಿಗೆ ತೊಡರುತ್ತದೆ. ಬಿಡಿಸಿದರೆ ಸ್ಟರ್ನಮ್ ಎಂದರೆ ಎದೆಯ ನಡುಮೂಳೆ, ಕ್ಲೈಡೊ ಎಂದರೆ ಕೊರಳೆಲುಬು, ಮ್ಯಾಸ್ಟಾಯ್ಡ್ ಎಂದರೆ ಕಿವಿಯ ಹಿಂದಿನ ಆ ಗುಬುಟು. ಬೆರಳು ಮುಟ್ಟಿದ ಮೂರು ಜಾಗಗಳೇ ಹೆಸರಿನ ಮೂರು ತುಂಡುಗಳು. ಪರೀಕ್ಷೆಯಲ್ಲಿ ಕೇಳುವ ‘ಮೂಲ ಮತ್ತು ಬಂಧನ ಸ್ಥಾನ ಬರೆಯಿರಿ’ ಎಂಬ ಪ್ರಶ್ನೆಯ ಉತ್ತರ ಹೆಸರಿನಲ್ಲೇ ಇದೆ.

ಇಂಥ ಹೆಸರುಗಳನ್ನು ಇಡಿಯಾಗಿ ಬಾಯಿಪಾಠ ಮಾಡುವುದು ಏಕೆ ಕಷ್ಟ ಎಂಬುದಕ್ಕೆ ಮನೋವಿಜ್ಞಾನದಲ್ಲಿ ಹಳೆಯ ವಿವರಣೆಯೊಂದಿದೆ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ತುಣುಕುಗಳು ಸುಮಾರು ಏಳು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆಮೇಲಿನ ಸಂಶೋಧಕರು ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದ್ದಾರೆ. ಸಂಖ್ಯೆಗಿಂತ ಮುಖ್ಯವಾದದ್ದು ತುಣುಕು ಎಂದರೆ ಏನು ಎಂಬುದು. ಗೊತ್ತಿಲ್ಲದವರಿಗೆ ಒಂದೊಂದು ಅಕ್ಷರವೂ ಒಂದು ತುಣುಕು, ಗೊತ್ತಿರುವವರಿಗೆ ಇಡೀ ಬೇರುಪದವೇ ಒಂದು ತುಣುಕು. ಕೊಲೆಸಿಸ್ಟೆಕ್ಟಮಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು 15 ಅಕ್ಷರ ಬೇಕು. ಕೊಲೆ ಎಂದರೆ ಪಿತ್ತ (ಕನ್ನಡದ ಕೊಲೆಯಲ್ಲ!), ಸಿಸ್ಟ್ ಎಂದರೆ ಚೀಲ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು ಎಂದು ತಿಳಿದವಳಿಗೆ ಅದು ಮೂರೇ ತುಣುಕು. ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆ. ನಾಳೆ ಕೊಲೆಸಿಸ್ಟೈಟಿಸ್ ಎಂಬ ಪದ ಬಂದರೆ ಹೊಸದಾಗಿ ಕಲಿಯಬೇಕಾದದ್ದು ‘ಐಟಿಸ್’ ಎಂದರೆ ಉರಿಯೂತ ಎಂಬುದನ್ನು ಮಾತ್ರ, ಅದೂ ಒಂದೇ ಸಲ. ಆಮೇಲೆ ಹೆಪಟೈಟಿಸ್, ನೆಫ್ರೈಟಿಸ್, ಆರ್ಥ್ರೈಟಿಸ್ ಎಲ್ಲಕ್ಕೂ ಅದೇ ನಡೆಯುತ್ತದೆ.

ಪದ ಬಿಡಿಸುವ ಈ ವಿದ್ಯೆ ಕನ್ನಡ ಓದಿದವರಿಗೆ ಹೊಸದಲ್ಲ. ಹೈಸ್ಕೂಲಿನ ವ್ಯಾಕರಣ ಪಾಠದಲ್ಲಿ ಸಂಧಿ ಬಿಡಿಸಿ ಹೆಸರಿಸಿದ್ದು, ಸಮಾಸಕ್ಕೆ ವಿಗ್ರಹವಾಕ್ಯ ಬರೆದದ್ದು ಇದೇ ಕೆಲಸ. ಗ್ಯಾಸ್ಟ್ರೊ ಎಂದರೆ ಜಠರ. ಅದಕ್ಕೆ ವ್ಯಂಜನದಿಂದ ಆರಂಭವಾಗುವ ‘ಸ್ಕೊಪಿ’ ಸೇರಿದರೆ ‘ಒ’ ಉಳಿದು ಗ್ಯಾಸ್ಟ್ರೊಸ್ಕೊಪಿ ಆಗುತ್ತದೆ. ಸ್ವರದಿಂದ ಆರಂಭವಾಗುವ ‘ಐಟಿಸ್’ ಸೇರಿದರೆ ‘ಒ’ ಬಿದ್ದುಹೋಗಿ ಗ್ಯಾಸ್ಟ್ರೈಟಿಸ್ ಆಗುತ್ತದೆ. ಮಾತು, ಇಲ್ಲ ಸೇರಿ ಮಾತಿಲ್ಲ ಆಗುವಾಗ ‘ಉ’ ಬಿದ್ದುಹೋದಂತೆಯೇ. ಇದು ಲೋಪಸಂಧಿ. ಎರಡು ಅಂಗಗಳ ಹೆಸರು ಕೂಡುವಾಗ ಮಾತ್ರ ಸ್ವರ ಎದುರಾದರೂ ‘ಒ’ ಹಟ ಹಿಡಿದು ಉಳಿಯುತ್ತದೆ, ಗ್ಯಾಸ್ಟ್ರೊಎಂಟರೈಟಿಸ್ ಎಂಬಲ್ಲಿ ಇರುವ ಹಾಗೆ. ವ್ಯಾಕರಣವೆಂದ ಮೇಲೆ ಅಪವಾದ ಇರಲೇಬೇಕಲ್ಲ. ಅರ್ಥವನ್ನು ಹಿಂದಿನಿಂದ ಮುಂದಕ್ಕೆ ಓದಬೇಕು ಎಂದು ಟರ್ಮಿನಾಲಜಿ ಪುಸ್ತಕಗಳು ಹೇಳುವ ನಿಯಮವೂ ಪರಿಚಿತವೇ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ ಎಂದು ಕನ್ನಡ ಮೇಷ್ಟ್ರು ಹೇಳಿಕೊಟ್ಟದ್ದು ಇದನ್ನೇ. ತಲೆನೋವು ಎಂದರೆ ಒಂದು ಬಗೆಯ ನೋವೇ ಹೊರತು ಒಂದು ಬಗೆಯ ತಲೆಯಲ್ಲ. ಸೆಫಲಾಲ್ಜಿಯಾ ಎಂಬ ಗ್ರೀಕ್ ಸಮಾಸವೂ ಅಷ್ಟೇ, ಸೆಫಲ್ ಎಂದರೆ ತಲೆ, ಆಲ್ಜಿಯಾ ಎಂದರೆ ನೋವು.

ಸಂಬಂಧ ವ್ಯಾಕರಣಕ್ಕೆ ನಿಲ್ಲುವುದಿಲ್ಲ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಭಾಷಾಕುಟುಂಬದವು. ಕನ್ನಡ ಆ ಕುಟುಂಬದ್ದಲ್ಲ, ಆದರೆ ಸಂಸ್ಕೃತದಿಂದ ಕನ್ನಡಕ್ಕೆ ಬಂದು ನೆಲೆಸಿದ ಪದಗಳಿಗೆ ಗ್ರೀಸಿನಲ್ಲೂ ರೋಮಿನಲ್ಲೂ ದಾಯಾದಿಗಳಿದ್ದಾರೆ. ಮೂಳೆಗೆ ಗ್ರೀಕಿನಲ್ಲಿ ಆಸ್ಟಿಯಾನ್, ಸಂಸ್ಕೃತದಲ್ಲಿ ಅಸ್ಥಿ. ಹಲ್ಲಿಗೆ ಲ್ಯಾಟಿನ್ನಿನಲ್ಲಿ ಡೆಂಟ್, ಇಲ್ಲಿ ದಂತ. ಮೂಗಿಗೆ ನಾಸುಸ್, ಇಲ್ಲಿ ನಾಸಿಕ. ಪಾದಕ್ಕೆ ಪೆಡ್, ಪಾಡ್. ಮೊಣಕಾಲಿಗೆ ಜೀನು, ಇಲ್ಲಿ ಜಾನು. ಆಜಾನುಬಾಹು ಎಂಬ ಪದ ಗೊತ್ತಿದ್ದವರಿಗೆ ‘ಜೀನು ವ್ಯಾಲ್ಗಮ್’ ಮೊಣಕಾಲಿನ ದೋಷವೆಂದು ಊಹಿಸುವುದು ದೊಡ್ಡ ಮಾತಲ್ಲ. ಗ್ರೀಕಿನ ಹೆಪರ್ ಮತ್ತು ಯಕೃತ್ತು ಕೇಳುವ ಕಿವಿಗೆ ದೂರದೂರದವು ಎನಿಸಿದರೂ ಮೂಲದಲ್ಲಿ ಒಂದೇ ಪದ.

ನಿಜವಾದ ಲಾಭ ಇರುವುದು ಉಪಸರ್ಗಗಳಲ್ಲಿ. ಹೈಪರ್ ಎಂದರೆ ಸಂಸ್ಕೃತದ ಉಪರಿ, ಮೇಲೆ. ಹೈಪೊ ಎಂದರೆ ಉಪ, ಕೆಳಗೆ; ಉಪಾಧ್ಯಕ್ಷರು ಅಧ್ಯಕ್ಷರ ಕೆಳಗೆ ಇರುವಂತೆ. ಪೆರಿ ಎಂದರೆ ಪರಿ, ಸುತ್ತ. ಪರಿಧಿ, ಪರಿಸರಗಳಲ್ಲಿ ಇರುವ ಪರಿಯೇ ಹೃದಯದ ಸುತ್ತಲಿನ ಚೀಲವಾದ ಪೆರಿಕಾರ್ಡಿಯಮ್‌ನಲ್ಲೂ ಇದೆ. ಡಿಸ್ ಎಂದರೆ ದುಸ್, ಯೂ ಎಂದರೆ ಸು: ಡಿಸ್‌ಪ್ನಿಯಾ ಉಸಿರಾಟದ ದುರವಸ್ಥೆ, ಯೂಪ್ನಿಯಾ ಸುಗಮ ಉಸಿರಾಟ. ಇಲ್ಲ ಎನ್ನುವ ‘ಅ’ ಅಂತೂ ಗ್ರೀಕಿನಲ್ಲೂ ಸಂಸ್ಕೃತದಲ್ಲೂ ನಿಯಮಸಹಿತ ಒಂದೇ. ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್. ಅಶಾಂತಿ, ಅನವಶ್ಯಕ ಎಂದು ಇಲ್ಲಿ. ಉಸಿರು ನಿಂತರೆ ಆಪ್ನಿಯಾ, ಮೂತ್ರ ನಿಂತರೆ ಅನ್ಯೂರಿಯಾ ಎಂದು ಅಲ್ಲಿ. ಕನ್ನಡ ಮಾಧ್ಯಮದಿಂದ ಬಂದೆ ಎಂದು ಹಿಂದಿನ ಬೆಂಚಿನಲ್ಲಿ ಕುಗ್ಗಿ ಕೂತ ಹುಡುಗಿಯ ಬಳಿ ಈ ಕೀಲಿಕೈಗಳೆಲ್ಲ ಮೊದಲೇ ಇವೆ. ಯಾವ ಬೀಗಕ್ಕೆ ಯಾವುದು ಎಂದು ತೋರಿಸುವವರು ಕಡಿಮೆ.

ಕನ್ನಡ ಪರಿಭಾಷೆ ಗ್ರೀಕಿಗಿಂತ ಚೆನ್ನಾಗಿ ಕೆಲಸ ಮಾಡುವ ಒಂದು ಜಾಗವೂ ಇದೆ. ಶಾಲೆಯ ವಿಜ್ಞಾನ ಪುಸ್ತಕದ ಅಪಧಮನಿ, ಅಭಿಧಮನಿಗಳನ್ನು ಮಕ್ಕಳು ಅದಲುಬದಲು ಮಾಡುವುದು ವಾಡಿಕೆ. ಪದ ಬಿಡಿಸಿದರೆ ಗೊಂದಲವೇ ಇಲ್ಲ. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಹೃದಯದಿಂದ ದೂರಕ್ಕೆ ರಕ್ತ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಆರ್ಟರಿ ಎಂದರೆ ಶುದ್ಧ ರಕ್ತದ ನಾಳ ಎಂದು ಬಾಯಿಪಾಠ ಮಾಡಿದವಳು ಪಲ್ಮನರಿ ಆರ್ಟರಿಯ ಹತ್ತಿರ ಬಂದು ಮುಗ್ಗರಿಸುತ್ತಾಳೆ, ಏಕೆಂದರೆ ಅದು ಶ್ವಾಸಕೋಶಕ್ಕೆ ಒಯ್ಯುವುದು ಆಮ್ಲಜನಕ ಕಡಿಮೆಯಾದ ರಕ್ತವನ್ನು. ‘ಅಪ’ವನ್ನು ಹಿಡಿದವಳಿಗೆ ಆ ತೊಂದರೆ ಇಲ್ಲ. ರಕ್ತ ಎಂಥದ್ದೇ ಇರಲಿ, ಹೃದಯದಿಂದ ದೂರ ಹೋಗುತ್ತಿದೆಯಲ್ಲ, ಅಷ್ಟು ಸಾಕು. ಲ್ಯಾಟಿನ್ನಿನ ‘ಆಬ್’ ಕೂಡ ಈ ‘ಅಪ’ದ ದಾಯಾದಿಯೇ. ತೋಳನ್ನು ಮೈಯಿಂದ ದೂರ ಎತ್ತಿದರೆ ಆಬ್ಡಕ್ಷನ್, ಮೈಗೆ ಹತ್ತಿರ ತಂದರೆ ಆಡ್ಡಕ್ಷನ್. ಆರ್ಥೊಪೆಡಿಕ್ ವಾರ್ಡಿನಲ್ಲಿ ಸೊಂಟದ ಕೀಲು ಬದಲಿಸಿದ ರೋಗಿಯ ಎರಡು ಕಾಲುಗಳ ನಡುವೆ ದಿಂಬು ಇಡುವುದು ಕಾಲು ಆಡ್ಡಕ್ಷನ್ ಆಗದಿರಲೆಂದು. ಈ ಎರಡು ಪದ ಅದಲುಬದಲಾದರೆ ಹೊಸ ಕೀಲು ಜಾರೀತು.

ಒಂದೇ ಅಂಗಕ್ಕೆ ಎರಡೆರಡು ಬೇರು ಇರುವುದು ಮೊದಲ ಸೆಮಿಸ್ಟರಿನ ಇನ್ನೊಂದು ತಲೆಬಿಸಿ. ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ರೀನಲ್ ಆರ್ಟರಿ, ಅದೇ ಮೂತ್ರಪಿಂಡದ ಉರಿಯೂತ ನೆಫ್ರೈಟಿಸ್. ಶ್ವಾಸಕೋಶಕ್ಕೆ ಪಲ್ಮನರಿ ಒಂದು ಕಡೆ, ನ್ಯುಮೋನಿಯಾ ಇನ್ನೊಂದು ಕಡೆ. ಚರ್ಮಕ್ಕೆ ಕ್ಯುಟೇನಿಯಸ್, ಡರ್ಮಟೈಟಿಸ್. ಇದಕ್ಕೆ ಇತಿಹಾಸ ಕಾರಣ. ಪಾಶ್ಚಾತ್ಯ ವೈದ್ಯದಲ್ಲಿ ರೋಗಗಳನ್ನು ಮೊದಲು ವಿವರಿಸಿ ಬರೆದವರು ಗ್ರೀಕ್ ವೈದ್ಯರು, ಶತಮಾನಗಳ ನಂತರ ಯುರೋಪಿನಲ್ಲಿ ಹೆಣ ಕೊಯ್ದು ಅಂಗಗಳಿಗೆ ಹೆಸರಿಟ್ಟವರು ಲ್ಯಾಟಿನ್ನಿನಲ್ಲಿ ಬರೆದರು. ಆದ್ದರಿಂದ ಸ್ಥೂಲವಾಗಿ ಅಂಗದ ಹೆಸರು ಲ್ಯಾಟಿನ್, ಅದರ ಕಾಯಿಲೆ ಗ್ರೀಕ್. ಕನ್ನಡದಲ್ಲೂ ಹೊಟ್ಟೆಗೆ ನೋವು ಬರುತ್ತದೆ, ಉದರಕ್ಕೆ ಶೂಲೆ ಬರುತ್ತದೆ. ಉದರನೋವು ಎಂದರೆ ವ್ಯಾಕರಣ ಬಲ್ಲವರು ಅರಿಸಮಾಸ ಎಂದು ಹುಬ್ಬು ಗಂಟಿಕ್ಕುತ್ತಾರೆ. ಗ್ರೀಕ್–ಲ್ಯಾಟಿನ್ ಬೆರಕೆಯೂ ಹಾಗೆಯೇ ಅರಿಸಮಾಸ, ಆದರೆ ಅದು ನಡೆದುಬಿಟ್ಟಿದೆ. ಹೈಪರ್‌ಟೆನ್ಷನ್‌ನಲ್ಲಿ ತಲೆ ಗ್ರೀಕ್, ಮೈ ಲ್ಯಾಟಿನ್. ಅಪೆಂಡಿಸೈಟಿಸ್‌ನಲ್ಲಿ ಮೈ ಲ್ಯಾಟಿನ್, ಬಾಲ ಗ್ರೀಕ್. 19ನೇ ಶತಮಾನದ ಕೊನೆಗೆ ಒಂದೇ ಭಾಗಕ್ಕೆ ದೇಶಕ್ಕೊಂದು ಹೆಸರಾಗಿ ಸುಮಾರು 50,000 ಪದಗಳು ಬಳಕೆಯಲ್ಲಿದ್ದವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೇರಿದ ಅಂಗರಚನಾ ತಜ್ಞರು ಅವನ್ನು ಐದೂವರೆ ಸಾವಿರದಷ್ಟಕ್ಕೆ ಇಳಿಸಿದರು. ಈಗ ಜಗತ್ತು ಬಳಸುವ ಪಟ್ಟಿ ಅದರ ವಂಶಸ್ಥ, 1998ರಲ್ಲಿ ಮೊದಲು ಪ್ರಕಟವಾದ ‘ಟರ್ಮಿನೊಲೊಜಿಯಾ ಅನಾಟಮಿಕಾ’.

ಪಟ್ಟಿ ಗಂಭೀರವಾದರೂ ಒಳಗಿರುವ ಹೆಸರುಗಳಲ್ಲಿ ಅಡುಗೆಮನೆ, ತೋಟ, ವಾದ್ಯಗಳೆಲ್ಲ ಇವೆ. ಮೊಣಕಾಲ ಚಿಪ್ಪಾದ ಪಟೆಲ್ಲಾ ಎಂದರೆ ಚಿಕ್ಕ ತಟ್ಟೆ. ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಟಿಬಿಯಾ ಎಂದರೆ ಕೊಳಲು, ಪಕ್ಕದ ತೆಳು ಮೂಳೆ ಫಿಬ್ಯುಲಾ ಎಂದರೆ ಬಟ್ಟೆಗೆ ಚುಚ್ಚುವ ಪಿನ್ನು. ತೊಡೆಮೂಳೆಯ ಗುಂಡು ಕೂರುವ ಸೊಂಟದ ಗುಳಿ ಅಸಿಟ್ಯಾಬ್ಯುಲಮ್ ಎಂದರೆ ವಿನೆಗರ್ ಬಟ್ಟಲು. ಬೆನ್ನೆಲುಬಿನ ತುದಿ ಕಾಕ್ಸಿಕ್ಸ್ ಗ್ರೀಕರ ಕಣ್ಣಿಗೆ ಕೋಗಿಲೆಯ ಕೊಕ್ಕಿನಂತೆ ಕಂಡಿತು. ಒಳಕಿವಿಯ ಕಾಕ್ಲಿಯಾ ಬಸವನಹುಳು, ಮಿದುಳಿನೊಳಗಿನ ಅಮಿಗ್ಡಲಾ ಬಾದಾಮಿ. ಸ್ನಾಯುವಿಗೆ ಮಸಲ್ ಎಂಬ ಹೆಸರೇ ‘ಚಿಕ್ಕ ಇಲಿ’ ಎಂಬ ಲ್ಯಾಟಿನ್ ಪದದಿಂದ ಬಂದದ್ದು. ಚರ್ಮದಡಿ ಅದು ಓಡಾಡುವುದನ್ನು ನೋಡಿದವರಿಗೆ ಹಾಗೆ ಅನಿಸಿರಬೇಕು. ಸಣ್ಣ ಕರುಳಿನ ಮೊದಲ ಭಾಗ ಡ್ಯುವೊಡಿನಮ್ ಎಂದರೆ ಹನ್ನೆರಡು, ಅಂದರೆ ಹನ್ನೆರಡು ಬೆರಳಿನಗಲದ ಉದ್ದ. ಇಲ್ಲಿ ಹೆಸರೇ ಅಳತೆ ಹೇಳುತ್ತದೆ. ಚಿತ್ರ ಇರುವ ಪದ ಚಿತ್ರವಿಲ್ಲದ ಪದಕ್ಕಿಂತ ಬೇಗ ಮನಸ್ಸಿಗೆ ಅಂಟುತ್ತದೆ. ಮೂಳೆಯನ್ನು ಕೈಯಲ್ಲಿ ಹಿಡಿದು ಬಟ್ಟಲನ್ನೋ ಕೊಕ್ಕನ್ನೋ ಅದರಲ್ಲಿ ಕಂಡವಳು ಮರೆಯುವುದು ಕಷ್ಟ.

ಆದರೆ ಹೆಸರಿನ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಮೊದಲ ಅಪಾಯ ಅವಳಿ ಪದಗಳದ್ದು. ಸಣ್ಣ ಕರುಳಿನ ಕೊನೆಯ ಭಾಗವೂ ಸೊಂಟದ ಮೂಳೆಯೂ ಉಚ್ಚಾರದಲ್ಲಿ ‘ಇಲಿಯಮ್’ ಆಗಿಬಿಡುತ್ತವೆ, ವ್ಯತ್ಯಾಸ ಇಂಗ್ಲಿಷ್ ಬರಹದ ಒಂದೇ ಅಕ್ಷರದಲ್ಲಿ. ಯುರೆಟರ್ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳ, ಯುರೆತ್ರಾ ಮೂತ್ರಕೋಶದಿಂದ ಹೊರಕ್ಕೆ ಹೋಗುವ ನಾಳ. ನುಂಗಲು ಆಗದಿದ್ದರೆ ಡಿಸ್‌ಫೇಜಿಯಾ, ಮಾತು ತೊಡರಿದರೆ ಡಿಸ್‌ಫೇಸಿಯಾ. ಪಾರ್ಶ್ವವಾಯು ಆದ ರೋಗಿಗೆ ಎರಡೂ ಇರಬಹುದು. ಯಾವುದು ಎಂದು ತಪ್ಪಿ ಬರೆದರೆ ಗಂಟಲಿಗಿಳಿಯದ ಗಂಜಿಯನ್ನು ಯಾರೋ ಕುಡಿಸಲು ಹೋಗುತ್ತಾರೆ. ಮೈಲೊ ಎಂಬ ಬೇರಿಗಂತೂ ಎರಡು ಅರ್ಥ: ಆಸ್ಟಿಯೊಮೈಲೈಟಿಸ್‌ನಲ್ಲಿ ಮೂಳೆಯ ಮಜ್ಜೆ, ಪೋಲಿಯೊಮೈಲೈಟಿಸ್‌ನಲ್ಲಿ ಬೆನ್ನುಹುರಿ. ಮೈಯೊ ಎಂದರೆ ಮತ್ತೆ ಬೇರೆ, ಸ್ನಾಯು. ಹೈಪರ್, ಹೈಪೊಗಳ ಅರ್ಥ ಎಷ್ಟೇ ಸ್ಪಷ್ಟವಿದ್ದರೂ ರಾತ್ರಿ ಪಾಳಿಯಲ್ಲಿ ಫೋನಿನಲ್ಲಿ ಕೇಳಿದರೆ ಎರಡೂ ಒಂದೇ ಥರ. ಅದಕ್ಕೇ ರಕ್ತದಲ್ಲಿ ಪೊಟ್ಯಾಸಿಯಮ್ ಹೆಚ್ಚೋ ಕಡಿಮೆಯೋ ಎಂದು ತಿಳಿಸುವಾಗ ಪದದ ಬದಲು ಸಂಖ್ಯೆಯನ್ನೇ ಹೇಳಿಸಿ, ಬರೆದುಕೊಂಡು, ತಿರುಗಿ ಓದಿ ಹೇಳುವುದು ಕ್ರಮ.

ಎರಡನೆಯದು, ಹಳೆಯ ತಪ್ಪುಗಳನ್ನು ಹೆಸರುಗಳು ಹಾಗೇ ಉಳಿಸಿಕೊಂಡಿವೆ. ಸತ್ತ ದೇಹದಲ್ಲಿ ಅಪಧಮನಿಗಳು ಬಹುಮಟ್ಟಿಗೆ ಖಾಲಿ ಇರುವುದನ್ನು ಕಂಡು ಪ್ರಾಚೀನ ಗ್ರೀಕರು ಅವುಗಳಲ್ಲಿ ಗಾಳಿ ಹರಿಯುತ್ತದೆ ಎಂದುಕೊಂಡರು. ಶ್ವಾಸನಾಳಕ್ಕೂ ಅದಕ್ಕೂ ಆರ್ಟೀರಿಯಾ ಎಂಬ ಒಂದೇ ಹೆಸರು ಬಿದ್ದಿತ್ತು. ಅಪಧಮನಿಯಲ್ಲಿ ಇರುವುದು ರಕ್ತ ಎಂದು ಎರಡನೇ ಶತಮಾನದಲ್ಲಿ ವೈದ್ಯ ಗೇಲನ್ ತೋರಿಸಿದ, ಆ ರಕ್ತ ಸುತ್ತಿ ಬರುತ್ತದೆ ಎಂದು 1628ರಲ್ಲಿ ವಿಲಿಯಂ ಹಾರ್ವೆ ಸಾಧಿಸಿದ, ಹೆಸರು ಮಾತ್ರ ಬದಲಾಗಲಿಲ್ಲ. ಪಿಟ್ಯುಟರಿ ಎಂದರೆ ಕಫಕ್ಕೆ ಸಂಬಂಧಿಸಿದ್ದು. ಮಿದುಳಿನ ಕೊಳೆ ಆ ಗ್ರಂಥಿಯ ಮೂಲಕ ಸೋಸಿ ಮೂಗಿಗೆ ಸಿಂಬಳವಾಗಿ ಇಳಿಯುತ್ತದೆ ಎಂಬ ನಂಬಿಕೆ ಹದಿನೇಳನೇ ಶತಮಾನದವರೆಗೂ ಇತ್ತು. ಅದು ಬೆಳವಣಿಗೆ, ಥೈರಾಯ್ಡ್, ಅಂಡಾಶಯಗಳನ್ನು ನಡೆಸುವ ಹಾರ್ಮೋನುಗಳ ಗ್ರಂಥಿ ಎಂಬುದು ಹೆಸರಿನಿಂದ ಯಾರಿಗೂ ಹೊಳೆಯದು. ಡ್ರಿಪ್ ಹಾಕಲು ನರ್ಸ್ ದಿನವೂ ಹುಡುಕುವ ಸೆಫಾಲಿಕ್ ವೇನ್‌ನ ಅರ್ಥ ತಲೆಯ ಅಭಿಧಮನಿ, ಅದಿರುವುದು ತೋಳಿನ ಹೊರಬದಿಯಲ್ಲಿ. ತಲೆಯ ತಂಟೆಗೇ ಅದು ಹೋಗುವುದಿಲ್ಲ.

ಅನಾಟಮಿಯಲ್ಲಿ ಇಂಥವು ವಿನೋದದ ವಿಷಯ. ಫಿಸಿಯಾಲಜಿಯಲ್ಲಿ ವಿನೋದಕ್ಕೆ ನಿಲ್ಲುವುದಿಲ್ಲ. ಅಂಗ ಎಲ್ಲಿದೆ, ಹೇಗಿದೆ ಎಂಬುದನ್ನು ಹೆಸರಿನಲ್ಲಿ ಅಡಕಿಡಬಹುದು, ಆದರೆ ಅದು ಕೆಲಸ ಮಾಡುವ ಸರಣಿ ಒಂದು ಪದದಲ್ಲಿ ಹಿಡಿಯುವುದಿಲ್ಲ. ಹೈಪೊನೇಟ್ರೀಮಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಹೈಪೊ ಎಂದರೆ ಕಡಿಮೆ, ನೇಟ್ರಿಯಮ್ ಎಂದರೆ ಸೋಡಿಯಮ್, ಈಮಿಯಾ ಎಂದರೆ ರಕ್ತದಲ್ಲಿ. ರಕ್ತದಲ್ಲಿ ಸೋಡಿಯಮ್ ಕಡಿಮೆ, ಲೀಟರಿಗೆ 135 ಮಿಲಿಈಕ್ವಿವಲೆಂಟಿಗಿಂತ ಕೆಳಗೆ. ಬಿಡಿಸಿದ್ದು ಸರಿ. ಹಾಗಾದರೆ ಉಪ್ಪು ಕೊಟ್ಟರೆ ಆಯಿತಲ್ಲ ಎಂದು ಪದ ಸೂಚಿಸುತ್ತದೆ. ಆದರೆ ಎಷ್ಟೋ ರೋಗಿಗಳಲ್ಲಿ ಸೋಡಿಯಮ್ ಕಳೆದುಹೋಗಿರುವುದಿಲ್ಲ, ನೀರು ಹೆಚ್ಚಾಗಿರುತ್ತದೆ. ಸಾರಿಗೆ ನೀರು ಸುರಿದರೆ ಅದು ಸಪ್ಪೆಯಾಗುವ ಹಾಗೆ. ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬೇಡದ ಹೊತ್ತಿನಲ್ಲೂ ಸ್ರವಿಸುತ್ತಿದ್ದರೆ ಮೂತ್ರಪಿಂಡ ನೀರನ್ನು ಹೊರಗೆ ಬಿಡುವುದಿಲ್ಲ. ಅಂಥವರಿಗೆ ಮೊದಲ ಉಪಾಯ ಕುಡಿಯುವ ನೀರಿಗೆ ಮಿತಿ ಹಾಕುವುದು. ಸೋಡಿಯಮ್ಮನ್ನು ಗಡಿಬಿಡಿಯಲ್ಲಿ ಏರಿಸಿದರೆ ಮಿದುಳಿನ ನರಗಳ ಹೊದಿಕೆಗೇ ಹಾನಿಯಾಗುವ ಅಪಾಯವಿದೆ. ಪದ ಕೊಟ್ಟದ್ದು ಪ್ರಯೋಗಾಲಯದ ವರದಿಯನ್ನು, ಕಾರಣವನ್ನಲ್ಲ.

ಡಯಾಬಿಟಿಸ್ ಎಂಬ ಪದದ ಕತೆಯೂ ಹೀಗೆಯೇ. ಗ್ರೀಕಿನಲ್ಲಿ ಅದರ ಅರ್ಥ ಹಾದುಹೋಗುವುದು, ಕುಡಿದ ನೀರೆಲ್ಲ ಕೊಳವೆಯಲ್ಲಿ ಹರಿದಂತೆ ಹೊರಟುಹೋಗುವ ಕಾಯಿಲೆ. ಮೂತ್ರ ಸಿಹಿಯಾಗಿದ್ದರೆ ಮೆಲಿಟಸ್, ಜೇನಿನಂಥದ್ದು. ಆಯುರ್ವೇದದ ಮಧುಮೇಹವೂ ಇದೇ ಅರ್ಥದ ಪದ. ಸಪ್ಪೆಯಾಗಿದ್ದರೆ ಇನ್ಸಿಪಿಡಸ್. ಎರಡನೆಯದಕ್ಕೂ ಸಕ್ಕರೆಗೂ ಇನ್ಸುಲಿನ್‌ಗೂ ಸಂಬಂಧವೇ ಇಲ್ಲ, ಅಲ್ಲಿ ಕೊರತೆಯಿರುವುದು ಅದೇ ವ್ಯಾಸೊಪ್ರೆಸಿನ್‌ನದು, ಇಲ್ಲವೇ ಮೂತ್ರಪಿಂಡ ಅದಕ್ಕೆ ಓಗೊಡುತ್ತಿಲ್ಲ. ಆದರೂ ಡಯಾಬಿಟಿಸ್ ಎಂಬ ಮೊದಲ ಪದ ಕೇಳಿದೊಡನೆ ಆಸ್ಪತ್ರೆಯ ಸಿಬ್ಬಂದಿ ಸಕ್ಕರೆ ಕಾಯಿಲೆ ಎಂದುಕೊಂಡು ರೋಗಿಗಳಿಗೆ ತೊಂದರೆಯಾದದ್ದುಂಟು. 2022ರಲ್ಲಿ ಅಂತಃಸ್ರಾವ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಈ ಹೆಸರನ್ನೇ ಕೈಬಿಟ್ಟು ‘ಆರ್ಜಿನೀನ್ ವ್ಯಾಸೊಪ್ರೆಸಿನ್ ಕೊರತೆ’, ‘ಆರ್ಜಿನೀನ್ ವ್ಯಾಸೊಪ್ರೆಸಿನ್ ಪ್ರತಿರೋಧ’ ಎಂದು ಕರೆಯಲು ಸಲಹೆ ಮಾಡಿತು. ಹೆಸರು ಉದ್ದವಾಯಿತು, ಆದರೆ ಈಗ ಅದು ದೇಹದಲ್ಲಿ ನಡೆಯುತ್ತಿರುವುದನ್ನು ಹೇಳುತ್ತದೆ.

ಮೂತ್ರಪಿಂಡದ ಪಾಠವನ್ನೇ ನೋಡಿದರೆ ಹೆಸರು ಎಲ್ಲಿಯವರೆಗೆ ಕೈಹಿಡಿಯುತ್ತದೆ ಎಂಬುದು ಕಾಣುತ್ತದೆ. ಗ್ಲೊಮೆರುಲಸ್ ಎಂದರೆ ನೂಲಿನ ಚಿಕ್ಕ ಉಂಡೆ. ಸೂಕ್ಷ್ಮದರ್ಶಕದಲ್ಲಿ ಆ ರಕ್ತನಾಳಗಳ ಗಂಟು ಹಾಗೆಯೇ ಕಾಣುತ್ತದೆ. ಅದಕ್ಕೆ ರಕ್ತ ತರುವುದು ಅಫೆರೆಂಟ್ ನಾಳ, ಅಲ್ಲಿಂದ ಒಯ್ಯುವುದು ಎಫೆರೆಂಟ್ ನಾಳ. ಮತ್ತದೇ ‘ಅಭಿ’, ‘ಅಪ’ಗಳ ಲೆಕ್ಕ. ಇಷ್ಟು ಹೆಸರಿನಿಂದ ಬಂತು. ಎಫೆರೆಂಟ್ ನಾಳ ಸಂಕುಚಿಸಿದರೆ ಉಂಡೆಯೊಳಗೆ ಒತ್ತಡ ಏಕೆ ಏರುತ್ತದೆ, ದಿನಕ್ಕೆ ಸುಮಾರು 180 ಲೀಟರ್ ಸೋಸಿಹೋದರೂ ಹೊರಬರುವ ಮೂತ್ರ ಒಂದೂವರೆ ಲೀಟರಿನ ಆಸುಪಾಸು ಹೇಗೆ, ಉಳಿದದ್ದನ್ನು ಯಾವ ಜಾಗದಲ್ಲಿ ಯಾವ ಬಲ ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂಬುದಕ್ಕೆ ಗ್ರೀಕ್ ಬೇರು ಎಷ್ಟು ಕಲಿತರೂ ಉತ್ತರ ಸಿಗದು. ಅಲ್ಲಿ ಬೇಕಾದದ್ದು ಒತ್ತಡ, ಸಾಂದ್ರತೆ, ಪರಾಸರಣಗಳ ತಿಳಿವಳಿಕೆ, ಅಂದರೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ. ಫಿಸಿಯಾಲಜಿಗೆ ಹೆದರುವವರು ಪರಿಭಾಷೆಯ ಪುಸ್ತಕದ ಬದಲು ಆ ಹಳೆಯ ಪುಸ್ತಕಗಳನ್ನು ಮತ್ತೆ ತೆರೆಯುವುದು ಮೇಲು.

ಬಿಡಿಸಲು ಬಾರದ ಹೆಸರುಗಳೂ ಉಂಟು, ವ್ಯಕ್ತಿಗಳ ಹೆಸರು ಹೊತ್ತವು. ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳು, ಯೂಸ್ಟೇಶಿಯನ್ ನಾಳ ಇಂಥವು. ಹೃದಯದ ಬಡಿತದ ವಿದ್ಯುತ್ತನ್ನು ಕೆಳಗಿನ ಕೋಣೆಗಳಿಗೆ ಒಯ್ಯುವ ತಂತುವಿಗೆ ಬಂಡಲ್ ಆಫ್ ಹಿಸ್ ಎಂದು ಹೆಸರು. ಹಿಸ್ ಎಂದರೆ ಇಂಗ್ಲಿಷಿನ ‘ಅವನ’ ಎಂದುಕೊಂಡು ಯಾರ ಬಂಡಲ್ಲು ಎಂದು ಕಣ್ಣರಳಿಸುವ ವಿದ್ಯಾರ್ಥಿಗಳು ಎಲ್ಲ ಬ್ಯಾಚಿನಲ್ಲೂ ಇರುತ್ತಾರೆ. ಅದು 1893ರಲ್ಲಿ ಅದನ್ನು ವಿವರಿಸಿದ ವಿಲ್‌ಹೆಲ್ಮ್ ಹಿಸ್ ಅವರ ಹೆಸರು. ಅಧಿಕೃತ ಪಟ್ಟಿ ಇಂಥವನ್ನು ಕೈಬಿಟ್ಟು ಯೂಸ್ಟೇಶಿಯನ್ ನಾಳವನ್ನು ಶ್ರವಣ ನಾಳವೆಂದು ಕರೆಯುತ್ತದೆ. ವಾರ್ಡು ಇನ್ನೂ ಕೈಬಿಟ್ಟಿಲ್ಲ. ಕೇಸ್‌ಶೀಟಿನ ಸಂಕ್ಷೇಪಗಳದ್ದು ಇನ್ನೊಂದು ಲೋಕ: ಬಿಡಿ ಎಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವ ಹೊತ್ತು, ಎನ್‌ಪಿಒ ಎಂದರೆ ಬಾಯಿಗೆ ಏನೂ ಕೊಡಬಾರದು. ಎಲ್ಲ ಲ್ಯಾಟಿನ್ನಿನ ಪಳೆಯುಳಿಕೆಗಳು. ಒಡಿ ಎಂದರೆ ಇಲ್ಲಿನ ವಾರ್ಡುಗಳಲ್ಲಿ ದಿನಕ್ಕೊಮ್ಮೆ, ಕಣ್ಣಿನ ವೈದ್ಯರ ಬರಹದಲ್ಲಿ ಬಲಗಣ್ಣು. ಯೂನಿಟ್ ಎನ್ನಲು ಬರೆದ ಇಂಗ್ಲಿಷ್ ಅಕ್ಷರ ಸೊನ್ನೆಯಂತೆ ಕಂಡರೆ ಹತ್ತು ಯೂನಿಟ್ ಇನ್ಸುಲಿನ್ ನೂರಾಗುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ಮಾಡಿದಾಗ ಆ ಅಕ್ಷರವೂ ಅದರಲ್ಲಿತ್ತು. ಇವು ರೋಗಿಯ ಜೀವಕ್ಕೆ ಮುಖ್ಯ, ಅನಾಟಮಿಯ ಅಂಕಕ್ಕೆ ಅಲ್ಲ.

ಹಾಗಾದರೆ ಪರಿಭಾಷೆಯನ್ನು ಪ್ರತ್ಯೇಕವಾಗಿ ಮೊದಲು ಕಲಿಯಬೇಕೋ, ಜೊತೆಗೇ ಕಲಿಯಬೇಕೋ? ಟರ್ಮಿನಾಲಜಿ ಕೋರ್ಸು ಮಾಡಿದವರು ಅನಾಟಮಿಯಲ್ಲಿ ಹೆಚ್ಚು ಅಂಕ ಪಡೆದರೆಂದು ಕಂಡರೂ ಅದು ಕೋರ್ಸಿನ ಮಹಿಮೆಯೇ ಎಂದು ಹೇಳಲಾಗದು. ಕಡ್ಡಾಯವಲ್ಲದ ಕೋರ್ಸಿಗೆ ಸೇರುವವರು ಮೊದಲೇ ಓದಿನಲ್ಲಿ ಶ್ರದ್ಧೆ ಇರುವವರಾಗಿರಬಹುದು, ಕೋರ್ಸು ಇಲ್ಲದಿದ್ದರೂ ಅವರು ಮುಂದಿರುತ್ತಿದ್ದರೇನೋ. ಅದನ್ನು ಬಿಟ್ಟು ಕಲಿಕೆಯ ಸ್ವಭಾವವನ್ನು ನೋಡಿದರೆ ಜೊತೆಗೇ ಕಲಿಯುವುದರ ಕಡೆಗೆ ತಕ್ಕಡಿ ವಾಲುತ್ತದೆ. ಅಂಗವನ್ನೇ ನೋಡದೆ ಮುನ್ನೂರು ಬೇರುಗಳ ಪಟ್ಟಿ ಉರುಹೊಡೆದರೆ ಅದು ಇನ್ನೊಂದು ಬಾಯಿಪಾಠವಷ್ಟೆ. ಮೂಳೆಯ ತರಗತಿಯ ದಿನ ಮೂಳೆಯ ಬೇರು, ರಕ್ತದ ತರಗತಿಯ ದಿನ ರಕ್ತದ ಬೇರು ಬಂದರೆ ಪ್ರತಿ ಪದಕ್ಕೂ ಜೋತುಬೀಳಲು ಒಂದು ಗೂಟ ಇರುತ್ತದೆ. ಉಪಸರ್ಗ, ಪ್ರತ್ಯಯಗಳು ಮಾತ್ರ ಎಲ್ಲ ಪಾಠಗಳಲ್ಲೂ ಬರುವುದರಿಂದ ಅವನ್ನು ಸೆಮಿಸ್ಟರಿನ ಮೊದಲ ಒಂದೆರಡು ವಾರದಲ್ಲೇ ಮುಗಿಸಿಕೊಳ್ಳುವುದು ಲಾಭ. ಓದುವ ಕ್ರಮದಲ್ಲೂ ವ್ಯತ್ಯಾಸವಿದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ವಾರದ ನಂತರ ಅವರನ್ನು ಹಿಂದಿಕ್ಕಿದ್ದರು. ಪದವನ್ನು ಮುಚ್ಚಿ ಅರ್ಥದಿಂದ ಪದ ಕಟ್ಟುವುದು, ಆಮೇಲೆ ಗೆಳತಿಯ ತೋಳಿನ ಮೇಲೆ ಜಾಗ ಮುಟ್ಟಿ ತೋರಿಸುವುದು, ಹೀಗೆ ಎರಡು ಕಡೆಯಿಂದಲೂ ಪರೀಕ್ಷಿಸಿಕೊಂಡ ಪದ ಗಟ್ಟಿಯಾಗಿ ಕೂರುತ್ತದೆ.

ಕೊನೆಗೆ ಪದ ನಿಲ್ಲಬೇಕಾದದ್ದು ರೋಗಿಯ ಮಾತಿನ ಎದುರು. ‘ಉಚ್ಚೆ ಹೊಯ್ಯುವಾಗ ಉರಿ’ ಎಂದು ಅಜ್ಜಿ ಹೇಳಿದ್ದು ಕೇಸ್‌ಶೀಟಿನಲ್ಲಿ ಡಿಸ್‌ಯೂರಿಯಾ ಆಗುತ್ತದೆ. ‘ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು’ ಎಂಬುದು ಡಿಸ್‌ಪ್ನಿಯಾ. ‘ರಾತ್ರಿ ನಾಕು ಸಲ ಏಳಬೇಕು ಸಿಸ್ಟರ್’ ಎಂದರೆ ನಾಕ್ಟೂರಿಯಾ. ಇನ್ನೊಬ್ಬರು ‘ಮೂತ್ರ ಜಾಸ್ತಿ ಆಗ್ತಿದೆ’ ಎನ್ನುತ್ತಾರೆ. ಪಾಲಿ ಎಂದರೆ ಹೆಚ್ಚು, ಯೂರಿಯಾ ಎಂದರೆ ಮೂತ್ರ, ಆದ್ದರಿಂದ ಪಾಲಿಯೂರಿಯಾ ಎಂದು ಬರೆಯಲು ಕೈ ಹೋಗುತ್ತದೆ. ಜಾಸ್ತಿ ಎಂದರೆ ಸಾರಿಸಾರಿ ಸ್ವಲ್ಪಸ್ವಲ್ಪವೋ, ಪ್ರಮಾಣವೇ ಹೆಚ್ಚೋ? ಮೊದಲನೆಯದು ಮೂತ್ರಕೋಶದ ಸೋಂಕಿನಲ್ಲೂ ಬರುತ್ತದೆ, ಅದು ಪಾಲಿಯೂರಿಯಾ ಅಲ್ಲ. ವಯಸ್ಕರಲ್ಲಿ 24 ಗಂಟೆಗೆ ಮೂರು ಲೀಟರ್ ಮೀರಿದರೆ ಮಾತ್ರ ಆ ಪದಕ್ಕೆ ಅರ್ಹತೆ. ಅದನ್ನು ತೀರ್ಮಾನಿಸಲು ಮಂಚದ ಕೆಳಗೆ ಅಳತೆಯ ಜಾರ್ ಇಟ್ಟು, ಒಳಹೋದದ್ದು ಹೊರಬಂದದ್ದು ಬರೆಯುವ ಚಾರ್ಟಿನಲ್ಲಿ ಮರುದಿನ ಬೆಳಿಗ್ಗೆಯವರೆಗೆ ಲೆಕ್ಕ ಹಿಡಿಯಬೇಕು.